ನಾಗಪುರದಲ್ಲಿ ಸಿಕ್ಕ ಜಾಲಹಳ್ಳಿ ವಾಲ್ವು

ನಾಗಪುರದ ಹಳೇ ಪೇಟೆಯಲ್ಲಿ ದಾರಿ ಕೇಳಿದರೆ ವಾರದ ಹೆಸರುಗಳೇ ಉತ್ತರವಾಗಿ ಬರುತ್ತವೆ. ಇತವಾರಿ, ಮಂಗಳವಾರಿ, ಬುಧವಾರಿ, ಶುಕ್ರವಾರಿ. ಒಂದು ಕಾಲಕ್ಕೆ ಯಾವ ವಾರ ಎಲ್ಲಿ ಸಂತೆ ಕೂಡುತ್ತಿತ್ತೋ ಆ ಜಾಗಕ್ಕೆ ಆ ವಾರದ ಹೆಸರು ನಿಂತುಬಿಟ್ಟಿದೆ. ಈಗ ಇತವಾರಿಯಲ್ಲಿ ಏಳು ದಿನವೂ ಗಿಜಿಗಿಜಿ. ನಮ್ಮ ಚಿಕ್ಕಪೇಟೆ, ಅವೆನ್ಯೂ ರೋಡು ನೋಡಿದವರಿಗೆ ಹೊಸತೇನಲ್ಲ: ಬಟ್ಟೆ, ಕಿರಾಣಿ, ಪಾತ್ರೆ, ಮಧ್ಯದಲ್ಲಿ ಕೈಗಾಡಿ, ಅದರ ಹಿಂದೆ ಹಾರ್ನ್ ಒತ್ತುತ್ತಾ ನಿಂತ ಸ್ಕೂಟರು. ಈ ಪೇಟೆಯ ಒಂದು ಓಣಿಯಲ್ಲಿ, ಪಾತ್ರೆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ, ಹತ್ತಡಿ ಉದ್ದ ಎಂಟಡಿ ಅಗಲದ ಕೋಣೆಯಲ್ಲಿ ಒಬ್ಬ ಕಾಕಾ ಕೂತು ಟ್ರಾನ್ಸ್‌ಫಾರ್ಮರ್ ಸುತ್ತುತ್ತಾರೆ. ಬೋರ್ಡಿಲ್ಲ. ವಾರ್ನಿಷ್ ವಾಸನೆಯೇ ಬೋರ್ಡು.

ಕಾಕಾಗೆ ಎಪ್ಪತ್ತಾರು. ನಾಗಪುರದಲ್ಲಿ ದಕ್ಷಿಣದಿಂದ ಬಂದ ಯಾರನ್ನೂ ‘ಅಣ್ಣಾ’ ಅಂತಲೇ ಕರೆಯುವುದು. ಹೀಗಾಗಿ ನನ್ನ ಅಪ್ಪನಿಗಿಂತ ದೊಡ್ಡವರು ನನ್ನನ್ನು ಅಣ್ಣಾ ಅನ್ನುತ್ತಾರೆ, ನಾನವರನ್ನು ಕಾಕಾ ಅನ್ನುತ್ತೇನೆ. ಸಂಬಂಧದ ಲೆಕ್ಕ ತಪ್ಪಿದ್ದರೂ ಇಬ್ಬರಿಗೂ ಅಭ್ಯಾಸವಾಗಿದೆ.

ನಾನು ಇಲ್ಲಿಗೆ ಬಂದು ಆರು ವರ್ಷ. ಕೆಲಸ ಮಿಹಾನ್ ಕಡೆ. ಖಾಪ್ರಿಯಲ್ಲಿ ಮೆಟ್ರೊ ಹತ್ತಿದರೆ ಸೀತಾಬರ್ಡಿಗೆ ನೇರ. ಇಲ್ಲಿಯವರು ಬರೀ ‘ಬರ್ಡಿ’ ಅನ್ನುತ್ತಾರೆ. ಬರ್ಡಿಗೆ ಸಮೀಪದಲ್ಲೇ ಪ್ರಸಿದ್ಧ ಝೀರೋ ಮೈಲ್ ಕಂಬ, ನಾಲ್ಕು ಕುದುರೆಗಳ ಸಮೇತ. ಊರಿಂದ ಬಂದ ನೆಂಟರನ್ನು ನಾವೆಲ್ಲ ಅಲ್ಲಿ ನಿಲ್ಲಿಸಿ ಫೋಟೊ ತೆಗೆಯುತ್ತೇವೆ. ಭಾರತವನ್ನು ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ 1800ರಲ್ಲಿ ಸರಪಳಿ ಹಿಡಿದು ಶುರುಮಾಡಿದವನು. 1823ರಲ್ಲಿ ನಾಗಪುರಕ್ಕೆ ಬರುವ ದಾರಿಯಲ್ಲಿ ಹಿಂಗಣಘಾಟ್‌ನಲ್ಲಿ ತೀರಿಕೊಂಡ. ಬೆಂಗಳೂರಿನಿಂದ ಹೊರಟು ನಾಗಪುರ ಮುಟ್ಟುವಷ್ಟರಲ್ಲಿ ಸುಸ್ತಾಗುವ ಪರಂಪರೆ ಹೊಸದೇನಲ್ಲ. ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಬಂದವರು ಒಪ್ಪುತ್ತಾರೆ.

ಇರಲಿ. ಕಾಕಾ ಹತ್ತಿರ ನಾನು ಹೋಗುವಂತಾದದ್ದು ನಮ್ಮ ಕೆಳಮನೆಯ ಆಜಿಯಿಂದ. ಅವರ ಯಜಮಾನರು ನಾಗಪುರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಮೈಕ್‌ಸೆಟ್ ಅಂಗಡಿ ಅಂದರೆ ನಮ್ಮ ತಿಪಟೂರು, ಅರಸೀಕೆರೆ ಕಡೆ ಮದುವೆ, ನಾಟಕ, ಗಣೇಶನ ಹಬ್ಬಕ್ಕೆ ಸೀಮಿತ. ನಾಗಪುರದಲ್ಲಿ ಆ ವ್ಯಾಪಾರಕ್ಕೆ ಬೇರೆಯೇ ಪಂಚಾಂಗ. ಪೋಳಾ ಹಬ್ಬದ ಮರುದಿನ ಮಾರ್ಬತ್ ಮೆರವಣಿಗೆ: ಕರಿ ಮತ್ತು ಹಳದಿ ಬಣ್ಣದ ಭಾರೀ ಗೊಂಬೆಗಳನ್ನು ಬೀದಿ ಬೀದಿ ಎಳೆದು, ಊರ ರೋಗ-ರುಜಿನವನ್ನೆಲ್ಲ ಬೈದು ಕಳಿಸುವ ಹಬ್ಬ. ಆಮೇಲೆ ಗಣಪತಿ, ದುರ್ಗೆ. ವಿಜಯದಶಮಿಗೆ ದೀಕ್ಷಾಭೂಮಿಯಲ್ಲಿ ಲಕ್ಷಾಂತರ ಜನ. 1956ರಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ ಜಾಗ ಅದು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ. ಮಧ್ಯಪ್ರಾಂತದ ರಾಜಧಾನಿಯಾಗಿದ್ದ ಊರು ಆ ಪಟ್ಟ ಕಳೆದುಕೊಳ್ಳುವುದಕ್ಕೆ ಬದಲಾಗಿ, 1953ರ ನಾಗಪುರ ಒಪ್ಪಂದದಲ್ಲಿ ಪಡೆದುಕೊಂಡದ್ದು ಈ ಅಧಿವೇಶನ. ನಮ್ಮ ಬೆಳಗಾವಿ ಅಧಿವೇಶನ ಕಂಡವರಿಗೆ ಗೊತ್ತಲ್ಲ, ಅಧಿವೇಶನ ಎಂದರೆ ಮೋರ್ಚಾ, ಮೋರ್ಚಾ ಎಂದರೆ ಮೈಕು.

ಆಜಿಯ ಮನೆಯ ಅಟ್ಟದಲ್ಲಿ ಎರಡು ಆಂಪ್ಲಿಫೈಯರ್ ಉಳಿದಿದ್ದವು. ಒಂದು ದೊಡ್ಡದು, ಇಬ್ಬರು ಸೇರಿ ಎತ್ತಬೇಕು. ಇನ್ನೊಂದು ಚಿಕ್ಕದು, ಮಿಠಾಯಿ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಎರಡಕ್ಕೂ ಕಂಪನಿ ಹೆಸರಿಲ್ಲ. ತಗಡು ಬಗ್ಗಿಸಿ, ತೂತು ಕೊರೆದು, ಬೂದು ಬಣ್ಣ ಹೊಡೆದು ಇಲ್ಲೇ ಊರಲ್ಲಿ ಕೈಯಿಂದ ಮಾಡಿದವು. ಜೊತೆಗೆ ಒಂದು ಬಾಡಿಗೆ ಪುಸ್ತಕ. ಅದರಲ್ಲಿ ಯಾವ ಮಂಡಳಿಗೆ ಎಷ್ಟು ಹಾರ್ನು, ಎಷ್ಟು ರಾತ್ರಿ, ಯಾರು ಬಾಕಿ ಇಟ್ಟರು ಎಲ್ಲವೂ ಮೋಡಿ ಅಕ್ಷರಕ್ಕೆ ಹತ್ತಿರದ ಗೀಚು ಬರಹದಲ್ಲಿ. ಪುಣೆಯಲ್ಲಿರುವ ಮಗ ಅಟ್ಟ ಖಾಲಿ ಮಾಡು ಅಂತಿದ್ದ. ಗುಜರಿಯವನು ತೂಕಕ್ಕೆ ಒಂದೂವರೆ ಸಾವಿರ ಹೇಳಿಹೋಗಿದ್ದ. ಅವನ ಕಣ್ಣು ಟ್ರಾನ್ಸ್‌ಫಾರ್ಮರ್ ಒಳಗಿನ ತಾಮ್ರದ ಮೇಲೆ. ಅಷ್ಟರಲ್ಲಿ ಮುಂಬೈಯ ಒಬ್ಬ ಗಿರಾಕಿ ಫೋಟೊ ನೋಡಿ ಇಪ್ಪತ್ತೆರಡು ಸಾವಿರಕ್ಕೆ ಬಂದ. ಆದರೆ ಅವನಿಗೆ ಬೇಕಾದ್ದು ವಾಲ್ವು ಮತ್ತು ಟ್ರಾನ್ಸ್‌ಫಾರ್ಮರ್ ಮಾತ್ರ, ಉಳಿದದ್ದನ್ನು ನೀವೇ ಎಸೆಯಿರಿ ಅಂದ. ಆಜಿಗೆ ಇದು ಸರಿಬರಲಿಲ್ಲ. “ಒಂದೂವರೆ ಸಾವಿರದ್ದು ಇಪ್ಪತ್ತೆರಡು ಸಾವಿರ ಆಗೋದಾದ್ರೆ, ಯಾರಿಗೋ ಇದರ ನಿಜವಾದ ಬೆಲೆ ಗೊತ್ತಿದೆ, ನನಗೆ ಗೊತ್ತಿಲ್ಲ ಅಂತಾಯ್ತು. ಅಣ್ಣಾ, ನೀನು ಕಂಪ್ಯೂಟರ್ ಓದಿದವನು, ತಿಳ್ಕೊಂಡು ಬಾ” ಎಂದರು. ಎಂ.ಟೆಕ್ ಪದವಿಗೆ ಇಷ್ಟು ವರ್ಷಕ್ಕೆ ಮೊದಲ ಬಾರಿ ಒಂದು ಉಪಯೋಗ ಬಂತು.

ಅಟ್ಟದಿಂದ ಚಿಕ್ಕದನ್ನು ಇಳಿಸಿ ಧೂಳು ಒರೆಸಿದಾಗ ವಾಲ್ವಿನ ಗಾಜಿನ ಮೇಲೆ ಮಾಸಿದ ಮೂರು ಅಕ್ಷರ ಕಾಣಿಸಿದವು: ಬಿಇಎಲ್. ಪಕ್ಕದಲ್ಲಿ ಇಎಲ್84. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್! 1954ರಲ್ಲಿ ಶುರುವಾದ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳನ್ನು ಮಾಡತೊಡಗಿತು. 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರ್‌ಗಳನ್ನೂ. ಇಂದಿನ ಬೆಂಗಳೂರಿಗರಿಗೆ ಬಿಇಎಲ್ ಸರ್ಕಲ್ ಎಂದರೆ ಟ್ರಾಫಿಕ್ಕು. ಆಗ ದೇಶದ ಎಷ್ಟೋ ಮನೆಯ ರೇಡಿಯೊದೊಳಗೆ ಸಂಜೆ ಹೊತ್ತು ಕೆಂಪಗೆ ಕಾಣುತ್ತಿದ್ದ ದೀಪ ಅಲ್ಲಿಂದ ಹೋದದ್ದು. ‘ಆಕಾಶವಾಣಿ’ ಎಂಬ ಹೆಸರೇ ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ನಡೆಸಿದ ಬಾನುಲಿ ಕೇಂದ್ರದಿಂದ ಬಂದದ್ದು ಎಂದು ನಾನು ಇಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತಿರುತ್ತೇನೆ. ನಾಗಪುರದವರೂ ಬಿಡುವವರಲ್ಲ. 1988ರಲ್ಲಿ ಶುರುವಾದ ರಾಷ್ಟ್ರೀಯ ಪ್ರಸಾರದ 1000 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ನಮ್ಮೂರಿನದು, ರಾತ್ರಿ ನಿಮ್ಮ ತಿಪಟೂರಿಗೂ ಕೇಳಿಸುತ್ತಿತ್ತು ಎಂದು ತಿರುಗಿ ಹೇಳುತ್ತಾರೆ. ಕೇಳಿಸುತ್ತಿತ್ತು, ನಿಜ.

ಈಗಿನವರಿಗೆ ವಾಲ್ವು ಎಂದರೆ ನೀರಿನ ನಲ್ಲಿಯದು ನೆನಪಾಗಬಹುದು, ಹಾಗಾಗಿ ಎರಡು ಮಾತು. ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಕಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಟು ಎದುರಿನ ಲೋಹದ ತಗಡಿಗೆ, ಅಂದರೆ ಪ್ಲೇಟಿಗೆ, ಹಾರುತ್ತವೆ. ನಡುವೆ ಒಂದು ತಂತಿಯ ಜಾಲರಿ. ಜಾಲರಿಗೆ ಕೊಡುವ ಪುಟ್ಟ ಸಂಕೇತ ದೊಡ್ಡ ಪ್ರವಾಹವನ್ನು ಕುಣಿಸುತ್ತದೆ. 1906ರಲ್ಲಿ ಲೀ ಡಿ ಫಾರೆಸ್ಟ್ ಜಾಲರಿ ಸೇರಿಸಿದ. 1947ರ ಕೊನೆಗೆ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಬಂತು. ಅದಾದ ಮೇಲೆ ವಾಲ್ವಿನ ದಿನ ಎಣಿಸತೊಡಗಿದರು. ಆದರೆ ಮೈಕ್‌ಸೆಟ್ಟಿನವರ ಮಟ್ಟಿಗೆ ಅದನ್ನು ಓಡಿಸಿದ್ದು ಮೆರವಣಿಗೆ. ಪ್ಲೇಟಿಗೆ 300, 400 ವೋಲ್ಟ್ ಬೇಕು. ಮಂಟಪದಲ್ಲಿ ಕೂತ ಗಣಪತಿಗೆ ಗೋಡೆಯ ಪ್ಲಗ್ ಸಾಕು. ಎತ್ತಿನ ಗಾಡಿಯ ಮೇಲೆ ಹೊರಟ ಮೋರ್ಚಾಗೆ? ಕಾರಿನ 12 ವೋಲ್ಟ್ ಬ್ಯಾಟರಿಯಿಂದ ಅಷ್ಟು ವೋಲ್ಟ್ ಎಬ್ಬಿಸಲು ಬೇರೆ ಯಂತ್ರವನ್ನೇ ಹೊರಬೇಕು. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ನೇರ ಬ್ಯಾಟರಿಗೆ ಕಚ್ಚಿಕೊಳ್ಳುತ್ತದೆ. ಆಜಿಯ ಯಜಮಾನರ ಪುಸ್ತಕದಲ್ಲೂ ಇದು ಕಾಣುತ್ತದೆ: ಮೊದಲು ಡಿಸೆಂಬರ್‌ನ ಬಾಡಿಗೆಗಳು ಕೈಬಿಟ್ಟಿವೆ, ಗಣಪತಿಯ ಬಾಡಿಗೆಗಳು ಇನ್ನೂ ಹಲವು ವರ್ಷ ನಡೆದಿವೆ.

ಎರಡು ಪೆಟ್ಟಿಗೆಗಳನ್ನೂ ಆಟೋದಲ್ಲಿ ಹಾಕಿಕೊಂಡು ಇತವಾರಿಗೆ ಹೋದೆ. ಕಾಕಾ ಮೊದಲು ದೊಡ್ಡದರ ತಳ ಬಿಚ್ಚಿದರು. ಒಳಗೆ ಎರಡು 807 ವಾಲ್ವು, ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ವೈರ್‌ಲೆಸ್ಸಿಗೆ ರಾಶಿ ರಾಶಿ ಬಳಸಿದ ಜಾತಿ, ತಲೆಯ ಮೇಲೆ ಒಂದು ಟೋಪಿ. ಆ ಟೋಪಿಯಲ್ಲೇ ನಾನೂರಕ್ಕೂ ಮಿಕ್ಕಿದ ವೋಲ್ಟ್ ಕೂತಿರುತ್ತದೆ. ಮುಟ್ಟಿದವರು ಕಥೆ ಹೇಳಲು ಇರುವುದು ಕಷ್ಟ. ಕೆಳಗಡೆ ಯಾರೋ ಸುಟ್ಟ ರೆಸಿಸ್ಟರ್ ಜಾಗದಲ್ಲಿ ಇನ್ನೆರಡನ್ನು ತಿರುಚಿ ಕಟ್ಟಿದ್ದಾರೆ, ಬೆಸುಗೆ ಉಂಡೆ ಉಂಡೆ, ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ. ಕಾಕಾ ಕನ್ನಡಕ ಹಣೆಗೇರಿಸಿ ನಕ್ಕರು. “ಅಣ್ಣಾ, ಇದು ಕೈಯಲ್ಲಿ ಮಾಡಿದ್ದಲ್ಲ, ಕಾಲಲ್ಲಿ ಮಾಡಿದ್ದು.”

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಬೆಂಗಳೂರು, ಮುಂಬೈಯ ಆಡಿಯೊ ಹುಚ್ಚಿನ ಗೆಳೆಯರ ಬಾಯಲ್ಲಿ ‘ಹ್ಯಾಂಡ್‌ಮೇಡ್’ ಅನ್ನುವುದು ದೇವರ ಹೆಸರಿನಂತಾಗಿದೆ. ಹಳೆಯದು, ಕೈಯಿಂದ ಮಾಡಿದ್ದು ಎಂದ ಕೂಡಲೇ ಬೆಲೆ ಮೂರು ಪಟ್ಟು. ಕೈ ಯಾರದ್ದು ಎಂದು ಕೇಳುವವರಿಲ್ಲ.

ಚಿಕ್ಕದರ ತಳ ಬಿಚ್ಚಿದಾಗ ಕಾಕಾ ಸುಮ್ಮನಾದರು. ತಂತಿಗಳೆಲ್ಲ ಮೂಲೆಗೆ ಮೂಲೆ ಹಿಡಿದು ಬಾಗಿವೆ, ದಾರದಿಂದ ಕಟ್ಟಿವೆ. ರೆಸಿಸ್ಟರ್‌ಗಳ ಬಣ್ಣದ ಪಟ್ಟಿಗಳು ಒಂದೇ ದಿಕ್ಕಿಗೆ ಓದುವಂತೆ ಕೂತಿವೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲಿನ ಕಾಗದದ ಅಂಚಿನಲ್ಲಿ ಪೆನ್ಸಿಲ್‌ನ ಒಂದು ಗುರುತು. ಅದು ಕಾಕಾನ ಗುರುಗಳದ್ದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಇವರು ಕೆಲಸ ಕಲಿತದ್ದು ಅವರ ಹತ್ತಿರ, ಮಹಾಲ್‌ನ ಒಂದು ವಾಡೆಯಲ್ಲಿ. ಆ ಗುರುಗಳು ಇಂಗ್ಲೆಂಡಿನ ಮುಲಾರ್ಡ್ ಕಂಪನಿ 1954ರಲ್ಲಿ ಪ್ರಕಟಿಸಿದ ‘ಫೈವ್-ಟೆನ್’ ನಕ್ಷೆಯನ್ನು ಇಟ್ಟುಕೊಂಡು ಆಂಪ್ಲಿಫೈಯರ್ ಮಾಡುತ್ತಿದ್ದರಂತೆ. ಐದು ವಾಲ್ವು, ಹತ್ತು ವ್ಯಾಟ್, ಅದಕ್ಕೇ ಆ ಹೆಸರು. ಪುಸ್ತಕದ ನಕ್ಷೆ ಜಗತ್ತಿನ ತುಂಬ ಹೋಯಿತು. ಹೋದಲ್ಲೆಲ್ಲ ಅಲ್ಲಲ್ಲಿನ ತಗಡು, ತಾಮ್ರ, ವೋಲ್ಟೇಜಿಗೆ ತಕ್ಕಂತೆ ಬದಲಾಯಿತು.

ಹೇಗೆ ಬದಲಾಯಿತು ಅನ್ನುವುದೇ ನನಗೆ ರುಚಿಸಿದ ವಿಷಯ. ವಾಲ್ವ್ ಆಂಪ್ಲಿಫೈಯರ್‌ನ ಅರ್ಧ ಜೀವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ. ಎರಡು ಇಎಲ್84 ಬಯಸುವುದು ಸುಮಾರು 8000 ಓಮ್‌ನ ಹೊರೆ, ಸ್ಪೀಕರ್ ಇರುವುದು 8 ಓಮ್. ಸಾವಿರ ಪಟ್ಟಿನ ಈ ಅಂತರ ದಾಟಿಸಲು ಸುತ್ತುಗಳ ಅನುಪಾತ ಸಾವಿರದ ವರ್ಗಮೂಲ, ಅಂದರೆ ಮೂವತ್ತೊಂದೂವರೆಯಷ್ಟು ಇರಬೇಕು. ಬರೀ ಅನುಪಾತ ಸಾಲದು. ಪ್ರೈಮರಿಯ ಒಂದು ಪದರ, ಮೇಲೆ ಸೆಕೆಂಡರಿಯ ಒಂದು ಪದರ, ಮತ್ತೆ ಪ್ರೈಮರಿ, ಹೀಗೆ ನಡುನಡುವೆ ಕಾಗದ ಹಾಕಿ ಹೆಣೆಯಬೇಕು; ಇಲ್ಲದಿದ್ದರೆ ಮೇಲಿನ ಸ್ವರಗಳು ಕಾಣೆಯಾಗುತ್ತವೆ. ಎಷ್ಟು ಪದರ ಹೆಣೆದರೆ ಅಷ್ಟು ಒಳ್ಳೆಯದು, ಅಷ್ಟು ಕೆಲಸ. ಮುಲಾರ್ಡ್ ನಕ್ಷೆಯಲ್ಲಿ ಔಟ್‌ಪುಟ್‌ನಿಂದ ಹಿಂದಕ್ಕೆ ಬಹಳ ಫೀಡ್‌ಬ್ಯಾಕ್ ಕೊಟ್ಟು ಶಬ್ದವನ್ನು ಶುದ್ಧ ಮಾಡುತ್ತಾರೆ. ಸಾಧಾರಣ ಟ್ರಾನ್ಸ್‌ಫಾರ್ಮರ್‌ಗೆ ಅಷ್ಟು ಫೀಡ್‌ಬ್ಯಾಕ್ ಕೊಟ್ಟರೆ ಆಂಪ್ಲಿಫೈಯರ್ ತಾನೇ ಕೂಗತೊಡಗುತ್ತದೆ. ಹಾಗಾಗಿ ಗುರುಗಳು ಫೀಡ್‌ಬ್ಯಾಕ್ ಕಡಿಮೆ ಮಾಡಿದರು. ಪುಸ್ತಕದ ಲೆಕ್ಕದಲ್ಲಿ ಇದು ಇಳಿತಾಯ. ಕೇಳಲು ಹೇಗಿತ್ತು ಎನ್ನುವುದು ಮುಂದೆ.

ಕಾಕಾ ಅದನ್ನು ಮೂರು ವಾರ ಇಟ್ಟುಕೊಂಡರು. ನೇರ ಕರೆಂಟಿಗೆ ಹಾಕಲಿಲ್ಲ. ಮೊದಲು ನೂರು ವ್ಯಾಟ್ ಬಲ್ಬಿನ ಜೊತೆ ಸೀರೀಸ್ ಕೊಟ್ಟು, ಬಲ್ಬು ಮಂದವಾಗುವವರೆಗೆ ಕಾದರು. ಫಿಲ್ಟರ್ ಕಂಡೆನ್ಸರ್‌ಗಳು ಒಣಗಿದ್ದವು. ಹತ್ತು ಡಿಗ್ರಿ ಬಿಸಿ ಏರಿದರೆ ಈ ಕಂಡೆನ್ಸರ್‌ಗಳ ಆಯಸ್ಸು ಅರ್ಧ ಅನ್ನುವುದು ಎಲೆಕ್ಟ್ರಾನಿಕ್ಸ್ ಓದಿದ ಎಲ್ಲರಿಗೂ ಗೊತ್ತಿರುವ ಲೆಕ್ಕ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ನಾಗಪುರದ ಅಟ್ಟದಲ್ಲಿ ಇಷ್ಟು ವರ್ಷ ಇದ್ದದ್ದೇ ಹೆಚ್ಚು. ವಾಲ್ವಿನ ಜಾಲರಿಗೆ ಹೋಗುವ ಕಾಗದದ ಕಂಡೆನ್ಸರ್‌ಗಳು ಸೋರುತ್ತಿದ್ದವು. ಅವು ಸೋರಿದರೆ ಇಎಲ್84ರ ಪ್ಲೇಟು ಕೆಂಪಗೆ ಕಾದು ವಾಲ್ವು ಸಾಯುತ್ತದೆ. ಎಲ್ಲ ಬದಲಾದವು. ಎರಡು ಪಿನ್ನಿನ ವೈರ್ ತೆಗೆದು ಅರ್ಥಿಂಗ್ ಇರುವ ಮೂರು ಪಿನ್ನಿನದು ಬಂತು, ಸರಿಯಾದ ಫ್ಯೂಸು ಬಂತು. ವಾಲ್ವುಗಳನ್ನು ಮಾತ್ರ ಮುಟ್ಟಲಿಲ್ಲ. ಜಾಲಹಳ್ಳಿಯವು ಇನ್ನೂ ಚೆನ್ನಾಗಿವೆ ಎಂದರು. ನನಗೆ ಸುಮ್ಮನೆ ಹೆಮ್ಮೆ, ನಾನೇ ಊದಿದ ಗಾಜೇನೋ ಎಂಬಂತೆ.

ಇನ್ನೊಂದು ಕೆಲಸ ಒಂದೇ ಸ್ಕ್ರೂನದ್ದು. ಪವರ್ ಟ್ರಾನ್ಸ್‌ಫಾರ್ಮರ್ ಮೇಲೆ 200, 220, 240 ಎಂದು ಮೂರು ಕೊಂಡಿಗಳಿದ್ದವು. ವೈರು ಇದ್ದದ್ದು 220ರಲ್ಲಿ. ಈಗ ನಮ್ಮ ಮನೆಯಲ್ಲಿ ರಾತ್ರಿ ಅಳೆದರೆ 240 ದಾಟುತ್ತದೆ. 220ಕ್ಕೆ ಕಟ್ಟಿದ ಟ್ರಾನ್ಸ್‌ಫಾರ್ಮರ್‌ಗೆ 240 ಕೊಟ್ಟರೆ 6.3 ವೋಲ್ಟ್ ಬೇಕಾದ ಹೀಟರ್‌ಗೆ ಸುಮಾರು 6.9 ಹೋಗುತ್ತದೆ, ಪ್ಲೇಟಿನ ವೋಲ್ಟೇಜೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ವಾಲ್ವಿನ ಆಯಸ್ಸು ಕರಗುವುದು ಹೀಗೆ. ಕಾಕಾ ವೈರನ್ನು 240ಕ್ಕೆ ಸರಿಸಿದರು, ಮುಗಿಯಿತು. ಅರವತ್ತರ ದಶಕದಲ್ಲಿ ಮಾಡಿದವನಿಗೆ ಕರೆಂಟು ಒಂದೇ ಸಮ ಇರುವುದಿಲ್ಲ ಅನ್ನುವುದು ಗೊತ್ತಿತ್ತು.

ಈ ಮಾತು ಹೊಸ ವಾಲ್ವ್ ಆಂಪ್ಲಿಫೈಯರ್‌ಗಳಿಗೆ ಬರುತ್ತದೆ. ನನ್ನ ಸಹೋದ್ಯೋಗಿಯೊಬ್ಬ ಆನ್‌ಲೈನ್‌ನಲ್ಲಿ ನಲವತ್ತು ಸಾವಿರ ಚಿಲ್ಲರೆ ಕೊಟ್ಟು ಚೀನಾದ ಒಂದನ್ನು ತರಿಸಿಕೊಂಡಿದ್ದ. ಇಎಲ್34 ವಾಲ್ವು, ಬ್ಲೂಟೂತ್, ರಿಮೋಟು, ಕನ್ನಡಿಯಂತೆ ಹೊಳೆಯುವ ಮುಖ. ಹಿಂದೆ ಬರೆದದ್ದು 220 ವೋಲ್ಟ್, ಅಲ್ಲಿನ ಕರೆಂಟಿಗೆ ತಕ್ಕಂತೆ. ಬೇರೆ ಕೊಂಡಿಯಿಲ್ಲ. ನಾಗಪುರದಲ್ಲಿ ಅದು ಎಂದೂ ಬೇಕಾದ್ದಕ್ಕಿಂತ ಜಾಸ್ತಿ ಬಿಸಿಯಾಗಿಯೇ ಓಡುತ್ತದೆ. ವಾಲ್ವಿನ ಸಾಕೆಟ್‌ಗಳನ್ನು ನೇರ ಸರ್ಕ್ಯೂಟ್ ಬೋರ್ಡಿಗೆ ಬೆಸೆದಿದ್ದಾರೆ. ಅಷ್ಟು ಬಿಸಿಯ ವಸ್ತು ಬೋರ್ಡಿನ ಮೇಲೆ ವರ್ಷಗಟ್ಟಲೆ ಕೂತರೆ ಬೆಸುಗೆ ಬಿರುಕು ಬಿಡುತ್ತದೆ. ಕಾಕಾ ಅದನ್ನು ತಿರುಗಿಸಿ ನೋಡಿ, “ಸುಂದರಿ, ಆದರೆ ಹೊಟ್ಟೆ ಬಿಚ್ಚಿ ಆಪರೇಷನ್ ಮಾಡೋಕಾಗಲ್ಲ” ಎಂದರು. ಆದರೂ ನ್ಯಾಯವಾಗಿ ಹೇಳಬೇಕು: ಅದರಲ್ಲಿ ಗುಂಯ್ ಎನ್ನುವ ಸದ್ದು ಒಂದಿಷ್ಟೂ ಇಲ್ಲ, ಎಡಬಲ ಎರಡೂ ಕಡೆ ಅಳತೆ ಒಂದೇ ಸಮ, ಮಕ್ಕಳ ಕೈ ತಾಗದಂತೆ ಪಂಜರವಿದೆ. ಹಳೆಯದರಲ್ಲಿ ಇದ್ಯಾವುದೂ ಇರಲಿಲ್ಲ.

ಇನ್ನೂ ಅಗ್ಗದಲ್ಲಿ ‘ಟ್ಯೂಬ್ ಪ್ರೀಆಂಪ್’ ಎಂದು ಎರಡು ಪುಟ್ಟ 6ಜೆ1 ವಾಲ್ವು ಕೂರಿಸಿದ ಡಬ್ಬಿಗಳು ಬರುತ್ತವೆ. ಅವುಗಳಲ್ಲಿ ಹಲವು ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ವಾಲ್ವಿನ ಕೆಳಗಿಟ್ಟ ಎಲ್‌ಇಡಿಯಿಂದ. ಕಿತ್ತಳೆಯ ಊರಲ್ಲಿ ಕೂತು ಇದನ್ನು ಬರೆಯುವಾಗ ನಗು ಬರುತ್ತದೆ. ಇಷ್ಟಕ್ಕೂ ಇಂದು ಜಗತ್ತಿನಲ್ಲಿ ದೊಡ್ಡ ಪ್ರಮಾಣದಲ್ಲಿ ವಾಲ್ವು ಮಾಡುವುದು ರಷ್ಯಾದ ಸಾರಾತೋವ್, ಸ್ಲೊವಾಕಿಯಾದ ಜೆಜೆ, ಚೀನಾದ ಒಂದೆರಡು ಕಾರ್ಖಾನೆಗಳು ಮಾತ್ರ. 2022ರ ಮಾರ್ಚ್‌ನಲ್ಲಿ ಯುದ್ಧದಿಂದಾಗಿ ರಷ್ಯಾ ರಫ್ತು ನಿಲ್ಲಿಸಿದಾಗ ಗಿಟಾರಿನವರೆಲ್ಲ ಕಂಗಾಲಾದರು. ಮುಂಬೈಯ ಗಿರಾಕಿ ಆಜಿಯ ಅಟ್ಟಕ್ಕೆ ಬಂದದ್ದು ಯಾಕೆಂದು ಈಗ ಗೊತ್ತಾಯಿತಲ್ಲ.

ಡಿಸೆಂಬರ್‌ನ ಒಂದು ಭಾನುವಾರ ಮೂರನ್ನೂ ನಮ್ಮ ಹಾಲ್‌ನಲ್ಲಿ ಸಾಲಾಗಿಟ್ಟೆವು. ಬೇಸಿಗೆಯಲ್ಲಿ ಇದು ಸಾಧ್ಯವಿಲ್ಲ. ಕಿಟಕಿಯ ಡಸರ್ಟ್ ಕೂಲರ್ ಸದ್ದಿನಲ್ಲಿ ಐದು ಲಕ್ಷದ ಆಂಪ್ಲಿಫೈಯರೂ ಐನೂರರದ್ದೂ ಒಂದೇ. ಒಂದನೆಯದು ಆಜಿಯದು, ಎರಡನೆಯದು ಚೀನಾದ್ದು, ಮೂರನೆಯದು ನನ್ನ ಕ್ಲಾಸ್-ಡಿ ಬೋರ್ಡು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ಪಿನದು, ಅಂಗೈ ಅಗಲ, ಅಡಾಪ್ಟರ್ ಸೇರಿ ಎರಡು ಸಾವಿರದ ಒಳಗೆ. ಆಜಿಯದು ಮಾನೊ, ಆದ್ದರಿಂದ ಎಲ್ಲಕ್ಕೂ ಒಂದೇ ಸ್ಪೀಕರು. 1 ಕಿಲೋಹರ್ಟ್ಸ್ ಸ್ವರ ಹಾಕಿ ಮೀಟರಿನಿಂದ ಮೂರರ ಮಟ್ಟವನ್ನೂ ಸಮ ಮಾಡಿದೆ. ಒಂದು ಚೂರು ಜೋರಿದ್ದರೂ ಕಿವಿ ಅದನ್ನೇ ಚೆನ್ನ ಅನ್ನುತ್ತದೆ. ಸ್ವಿಚ್ಚು ನನ್ನ ಕೈಯಲ್ಲಿ, ಪರದೆಯ ಹಿಂದೆ. ಕೇಳುವವರು ಆಜಿ, ಅವರ ಮೊಮ್ಮಗ, ನನ್ನ ಹೆಂಡತಿ, ಸಹೋದ್ಯೋಗಿ. ಮಲ್ಲಿಕಾರ್ಜುನ ಮನ್ಸೂರ್, ಕಾಳಿಂಗರಾಯರು, ಆಜಿಗಾಗಿ ಕುಮಾರ ಗಂಧರ್ವ. ಕುಮಾರರು ಬೆಳಗಾವಿ ಕಡೆಯವರು ಎಂದರೆ ಆಜಿ ಒಪ್ಪುವುದಿಲ್ಲ, ಅದು ಬೇರೆ ಜಗಳ.

ಪ್ಲಗ್ಗಿಗೆ ಹಾಕಿದ ಮೀಟರಿನಲ್ಲಿ ಆಜಿಯದು ಸುಮ್ಮನಿದ್ದರೂ ಅರವತ್ತು ವ್ಯಾಟ್ ಆಸುಪಾಸು ಎಳೆಯುತ್ತಿತ್ತು, ಕೊಡುವುದು ಹತ್ತು. ಕ್ಲಾಸ್-ಡಿ ಜೋರಾಗಿ ಹಾಡುವಾಗ ತಿಂದದ್ದರಲ್ಲಿ ನೂರಕ್ಕೆ ತೊಂಬತ್ತರಷ್ಟು ಸ್ಪೀಕರಿಗೆ ಕೊಡುತ್ತದೆ. ಕೇಳುವ ಪರೀಕ್ಷೆಯಲ್ಲಿ, ಚೀನಾದ್ದಕ್ಕೂ ಕ್ಲಾಸ್-ಡಿಗೂ ವ್ಯತ್ಯಾಸ ಹೇಳು ಎಂದರೆ ಅದರ ಒಡೆಯನೇ ಹತ್ತರಲ್ಲಿ ಆರು ಸಲ ಸರಿ ಹೇಳಿದ. ನಾಣ್ಯ ಚಿಮ್ಮಿದರೂ ಅಷ್ಟೇ. ಅವನ ಮುಖ ಸಪ್ಪಗಾಯಿತು. ಆಜಿಯದನ್ನು ಮಾತ್ರ ಎಲ್ಲರೂ ಗುರುತಿಸುತ್ತಿದ್ದರು. ಹೆಂಡತಿಗೆ ಅದು ಹಿಡಿಸಲಿಲ್ಲ, ತಂಬೂರಿಯ ಝೇಂಕಾರದ ತುದಿ ಮಸುಕು ಅಂದಳು. ಸರಿಯೇ, ಅಳತೆಯಲ್ಲೂ ಮೇಲಿನ ಸ್ವರಗಳು ಇಳಿದಿವೆ. ಆಜಿ “ಆವಾಜ್ ಭಾರದಾರ್” ಅಂದರು, ತೂಕವುಳ್ಳ ದನಿ.

ತೂಕ ಎಲ್ಲಿಂದ? ನನ್ನ ಊಹೆ ಗುರುಗಳು ಕಡಿಮೆ ಮಾಡಿದ ಫೀಡ್‌ಬ್ಯಾಕಿನ ಮೇಲೆ. ಫೀಡ್‌ಬ್ಯಾಕ್ ಕಡಿಮೆಯಾದರೆ ಆಂಪ್ಲಿಫೈಯರ್‌ನ ಹೊರಗಿನ ಪ್ರತಿರೋಧ ಹೆಚ್ಚು, ಸ್ಪೀಕರಿನ ಮೇಲೆ ಹಿಡಿತ ಸಡಿಲ. ಹಿಡಿತ ಸಡಿಲವಾದ ಸ್ಪೀಕರು ತನ್ನದೇ ಅನುರಣನದ ಹತ್ತಿರ ಸ್ವಲ್ಪ ಉಬ್ಬುತ್ತದೆ, ಗಂಡಸಿನ ಕಂಠದ ಕೆಳಭಾಗ ತುಂಬಿಕೊಂಡಂತೆ ಕೇಳುತ್ತದೆ. ಪರೀಕ್ಷೆ ಸುಲಭ. ನನ್ನ ಕ್ಲಾಸ್-ಡಿಗೂ ಸ್ಪೀಕರಿಗೂ ನಡುವೆ 2.2 ಓಮ್‌ನ ಹತ್ತು ವ್ಯಾಟಿನ ರೆಸಿಸ್ಟರ್ ಒಂದನ್ನು ಸೇರಿಸಿದೆ, ಮೇಲಿನ ಸ್ವರಗಳನ್ನು ಒಂದಿಷ್ಟು ಇಳಿಸಿದೆ, ಮಟ್ಟ ಮತ್ತೆ ಸಮ ಮಾಡಿದೆ. ಪರದೆಯ ಆಚೆಯಿಂದ ಆಜಿ, “ಹಾಂ, ಇದು ನಮ್ಮನೆಯದು” ಎಂದರು. ರೆಸಿಸ್ಟರ್ ಬೆಲೆ ಹತ್ತು ರೂಪಾಯಿ.

ಇದು ನನ್ನ ಕಂಡುಹಿಡಿತವೇನಲ್ಲ. 1985ರಲ್ಲಿ ಅಮೆರಿಕದ ‘ಸ್ಟೀರಿಯೊಫೈಲ್’ ಪತ್ರಿಕೆಯವರಿಗೆ ಬಾಬ್ ಕಾರ್ವರ್ ಎಂಬ ಎಂಜಿನಿಯರ್ ಸವಾಲು ಹಾಕಿದ್ದ: ನಿಮಗೆ ಇಷ್ಟವಾದ ದುಬಾರಿ ಆಂಪ್ಲಿಫೈಯರ್ ಯಾವುದೇ ಇರಲಿ, ಅದರ ದನಿಯನ್ನು ನನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ತರುತ್ತೇನೆ ಎಂದು. ಅವರು ಆರಿಸಿದ್ದು ಒಂದು ವಾಲ್ವ್ ಆಂಪ್ಲಿಫೈಯರ್. ಎರಡೇ ದಿನದಲ್ಲಿ ಆತ ತನ್ನದನ್ನು ತಿದ್ದಿ, ಎರಡರ ಔಟ್‌ಪುಟ್ ಒಂದನ್ನೊಂದು ಕಳೆಯುವಂತೆ ಮಾಡಿದ. ಪತ್ರಿಕೆಯವರಿಗೆ ವ್ಯತ್ಯಾಸ ಗುರುತಿಸಲಾಗಲಿಲ್ಲ.

ಮೊಮ್ಮಗ ಕೇಳಿದ, “ಹಾಗಾದರೆ ಅಣ್ಣಾ, ಇದನ್ನ ಮಾರಿಬಿಡೋದೇ?” ನಾನು ಆಜಿಗೆ ಹೇಳಿದ್ದು ಇಷ್ಟು. ದನಿಗಾಗಿ ಇಟ್ಟುಕೊಳ್ಳುವ ಅಗತ್ಯವಿಲ್ಲ, ದನಿ ಹತ್ತು ರೂಪಾಯಿಗೆ ಸಿಗುತ್ತದೆ. ಆದರೆ ಚೀನಾದ್ದು ಕೆಟ್ಟರೆ ಬೋರ್ಡು ಬದಲಿಸಬೇಕು, ಆ ಬೋರ್ಡು ಐದು ವರ್ಷದ ನಂತರ ಸಿಗುವ ಖಾತ್ರಿಯಿಲ್ಲ. ನನ್ನ ಕ್ಲಾಸ್-ಡಿ ಕೆಟ್ಟರೆ ಕಸದ ಬುಟ್ಟಿ. ಆಜಿಯದು ಕೆಟ್ಟರೆ ಕಾಕಾ ಇರುವವರೆಗೆ ಚಿಂತೆಯಿಲ್ಲ. ಕಾಕಾ ಇಲ್ಲದ ಮೇಲೆ ಅದೂ ಕಬ್ಬಿಣ. ಹೊಸ ಟ್ರಾನ್ಸ್‌ಫಾರ್ಮರ್ ಸುತ್ತಿಸಲು ಬೆಂಗಳೂರಿನ ಎಸ್.ಪಿ. ರೋಡು, ಮುಂಬೈಯ ಲ್ಯಾಮಿಂಗ್ಟನ್ ರೋಡು ಅಲೆಯಬೇಕು. ಅಲ್ಲೂ ಸುತ್ತುವವರ ತಲೆ ನೆರೆತಿದೆ.

ಆಜಿಗೆ ಭಾವುಕತೆ ಕಡಿಮೆ. ಬಾಡಿಗೆ ವ್ಯಾಪಾರದ ಲೆಕ್ಕ ನೋಡಿಕೊಂಡವರು. ದೊಡ್ಡದನ್ನು ಮುಂಬೈಯವನಿಗೆ ಕೊಟ್ಟರು, ಬಿಡಿಸಿಕೊಂಡು ಹೋಗಲಿ ಅಂತ, ಹದಿನೈದು ಸಾವಿರಕ್ಕೆ. ಅದರಲ್ಲಿ ನಾಲ್ಕು ಸಾವಿರದ ಎಂಟುನೂರು ಕಾಕಾನ ಮಜೂರಿ. ಚಿಕ್ಕದನ್ನು ಇಟ್ಟುಕೊಂಡರು. ಮೈಕು ಸಿಕ್ಕಿಸಿ ಕೊಟ್ಟಾಗ ಯಜಮಾನರು ಹೇಳುತ್ತಿದ್ದಂತೆಯೇ “ಹ್ಯಾಲೋ, ಹ್ಯಾಲೋ, ಏಕ್, ದೋನ್, ತೀನ್” ಎಂದು ಎಣಿಸಿದರು. ಆಮೇಲೆ ಅಡುಗೆಮನೆಯಲ್ಲಿ ಡಬ್ಬಿ ಸದ್ದು ಮಾಡುತ್ತಿದ್ದ ಮೊಮ್ಮಗನನ್ನು ಅದೇ ಮೈಕಿನಲ್ಲಿ ಬೈದರು. ನಾಲ್ಕು ಮಹಡಿಗೂ ಕೇಳಿಸಿತು.

ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಕಾಕಾನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ಗುರುಗಳ ಕಾಲದಿಂದ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗಳ ವಿವರ: ಯಾವ ವಾಲ್ವಿಗೆ, ಎಷ್ಟು ಇಂಚಿನ ಸ್ಟ್ಯಾಂಪಿಂಗು, ಯಾವ ಗೇಜಿನ ತಂತಿ, ಎಷ್ಟು ಸುತ್ತು, ಯಾವ ಪದರದ ಮೇಲೆ ಯಾವುದು. ಸುಮಾರು ಇನ್ನೂರು ಪುಟ, ಮರಾಠಿ ಅಂಕಿಗಳಲ್ಲಿ, ಕೆಲವು ಕಡೆ ಅವರಿಗೆ ಮಾತ್ರ ಅರ್ಥವಾಗುವ ಗುರುತು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿ ನಡೆಯುತ್ತಿದೆ, ಇಲ್ಲಿಗೆ ಬರುವವನಲ್ಲ. ಅವನನ್ನು ದೂರುವಂತೆಯೂ ಇಲ್ಲ. ವಾರಕ್ಕೊಮ್ಮೆ ಆಫೀಸು ಮುಗಿಸಿ, ಬರ್ಡಿಯಲ್ಲಿ ಇನ್ನೊಂದು ಮೆಟ್ರೊ ಹಿಡಿದು ಹೋಗುತ್ತೇನೆ. ನಾನು ಪುಟದ ಫೋಟೊ ತೆಗೆದು ಓದುತ್ತೇನೆ, ಕಾಕಾ ಗುರುತುಗಳ ಅರ್ಥ ಹೇಳುತ್ತಾರೆ, ನಾನು ಎಕ್ಸೆಲ್ ಹಾಳೆಗೆ ತುಂಬುತ್ತೇನೆ. ಎಪ್ಪತ್ತೊಂದನೇ ಪುಟದಲ್ಲಿ ನೀರು ಬಿದ್ದು ಶಾಯಿ ಹರಡಿದೆ. ಇಎಲ್34 ಜೋಡಿಯದ್ದು, ಪದರಗಳ ಕ್ರಮ ಕಾಣುವುದಿಲ್ಲ. ಕಾಕಾ ಕಣ್ಣು ಮುಚ್ಚಿ, ಖಾಲಿ ಬಾಬಿನ್ ಕೈಯಲ್ಲಿ ಹಿಡಿದು ಬೆರಳು ತಿರುಗಿಸುತ್ತಾ ಎಣಿಸಿ ನೋಡಿದರು. ಒಂಬತ್ತನೇ ಪದರಕ್ಕೆ ಬಂದು ನಿಂತರು. ಗುರುವಾರ ಬಾ, ಅಷ್ಟರಲ್ಲಿ ಒಂದು ಸುತ್ತಿ ನೋಡಿರುತ್ತೇನೆ ಎಂದಿದ್ದಾರೆ.